ಟೋಪಿಯಿಲ್ಲದವನು ಹಾಕಿದ ಟೋಪಿ

ಮೊಲದ ರಕ್ತದಿಂದ ಜೀವವಿಜ್ಞಾನಿಗಳು ಒಂದು ರಸ ತಯಾರಿಸುತ್ತಾರೆ. ಇನ್ನೂ ಪೂರ್ತಿ ಬಲಿಯದ ಕೆಂಪು ರಕ್ತಕಣಗಳನ್ನು ಒಡೆದು, ಸಿಪ್ಪೆಯನ್ನೂ ಗಸಿಯನ್ನೂ ತೆಗೆದರೆ ಉಳಿಯುವ ತಿಳಿ ಅದು. ಅದರಲ್ಲಿ ಜೀವಕೋಶವಿಲ್ಲ, ಆದರೆ ಪ್ರೋಟೀನ್ ಕಟ್ಟುವ ಸರಂಜಾಮು ಇದೆ. ಸಂದೇಶ ಹೊತ್ತ ಆರ್‌ಎನ್‌ಎ ಎಳೆಯೊಂದನ್ನು ಹಾಕಿ ಬೆಚ್ಚಗಿಟ್ಟರೆ ಸಾಕು, ಅದರಲ್ಲಿ ಬರೆದಿದ್ದ ಪ್ರೋಟೀನ್ ಸ್ವಲ್ಪ ಹೊತ್ತಿನಲ್ಲೇ ಸಿದ್ಧ. ಪ್ರಯೋಗಾಲಯಗಳಲ್ಲಿ ಈ ರಸಕ್ಕೆ ನಂಬಿಕಸ್ಥ ಅಡುಗೆಭಟ್ಟನ ಸ್ಥಾನ.

1970ರ ದಶಕದಲ್ಲಿ ಈ ರಸಕ್ಕೆ ಪೋಲಿಯೊ ವೈರಸ್ಸಿನ ಆರ್‌ಎನ್‌ಎ ಹಾಕಿ ನೋಡಿದವರಿಗೆ ಮಾತ್ರ ಅಡುಗೆ ಕೆಟ್ಟಿತು. ಪ್ರೋಟೀನ್ ಬಂತು, ಆದರೆ ಸೊಟ್ಟಸೊಟ್ಟಾಗಿ. ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳು ಆರಂಭದ ಜಾಗ ಬಿಟ್ಟು ನಡುನಡುವೆ ಎಲ್ಲಿಂದಲೋ ಓದಲು ಶುರುಮಾಡಿದ್ದವು. 1979ರಲ್ಲಿ ಬ್ರೌನ್ ಮತ್ತು ಎಲ್ಲೀ ಎಹ್ರೆನ್‌ಫೆಲ್ಡ್ ಇದಕ್ಕೊಂದು ಮದ್ದು ಕಂಡುಕೊಂಡರು. ಹೀಲಾ ಎಂಬ ಮಾನವ ಜೀವಕೋಶಗಳ ಸಾರವನ್ನು ಮೊಲದ ರಸಕ್ಕೆ ಬೆರೆಸಿದರೆ ಓದು ಸರಿಯಾದ ಜಾಗದಿಂದ ಶುರುವಾಗುತ್ತಿತ್ತು. ಆ ಹೀಲಾ ಕೋಶಗಳಿಗೆ ವೈರಸ್ ತಗುಲಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಂದರೆ ವೈರಸ್ ತಗುಲದ ಮನುಷ್ಯನ ಜೀವಕೋಶದಲ್ಲೇ ಪೋಲಿಯೊಗೆ ಬೇಕಾದ ಏನೋ ಇತ್ತು, ಮೊಲದ ರಕ್ತಕಣದಲ್ಲಿ ಅದರ ಕೊರತೆ ಇತ್ತು. ಅದೇನು ಎಂದು ಹುಡುಕುತ್ತ ಹೋದವರಿಗೆ ಉತ್ತರ ಪೂರ್ತಿ ಸಿಗಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ನಮ್ಮ ಜೀವಕೋಶದಲ್ಲಿ ರಾಜಮಾರ್ಗ ಹೇಗಿದೆ ಎಂಬುದನ್ನು ಮೊದಲು ನೋಡೋಣ. ಕೋಶಕೇಂದ್ರದಲ್ಲಿ ತಯಾರಾಗಿ ಹೊರಬರುವ ಸಂದೇಶ ಆರ್‌ಎನ್‌ಎಯ ಮುಂತುದಿಗೆ ಒಂದು ಟೋಪಿ ಇರುತ್ತದೆ. ಮಿಥೈಲ್ ಗುಂಪು ಹೊತ್ತ ಗ್ವಾನೋಸಿನ್ ಅದು. ವಿಜ್ಞಾನಿಗಳೇ ಇಟ್ಟ ಹೆಸರು ಟೋಪಿ, ನನ್ನ ಅಲಂಕಾರವಲ್ಲ. ಆ ಟೋಪಿಯನ್ನು 4ಇ ಎಂಬ ಪ್ರೋಟೀನ್ ಹಿಡಿಯುತ್ತದೆ. 4ಇಯನ್ನು 4ಜಿ ಹಿಡಿದಿರುತ್ತದೆ (ಮೊಬೈಲಿನ 4ಜಿ ಅಲ್ಲ, ಇದು ಅದಕ್ಕಿಂತ ಎಷ್ಟೋ ಹಳೆಯದು). ಮದುವೆಮನೆಯಲ್ಲಿ ಎಲ್ಲರ ಕೈಹಿಡಿದು ಪಂಕ್ತಿಯಲ್ಲಿ ಕೂರಿಸುವ ಹಿರಿಯರಿರುತ್ತಾರಲ್ಲ, 4ಜಿ ಅಂಥದು. ಒಂದು ಕೈಯಲ್ಲಿ 4ಇ, ಇನ್ನೊಂದರಲ್ಲಿ ಆರ್‌ಎನ್‌ಎಯ ಸಿಕ್ಕು ಬಿಡಿಸುವ 4ಎ, ಮತ್ತೊಂದರಲ್ಲಿ ರೈಬೋಸೋಮಿನ ಸಣ್ಣ ತುಂಡನ್ನು ಕರೆತರುವ 3 ಎಂಬ ದೊಡ್ಡ ಪ್ರೋಟೀನ್ ಗುಂಪು. ಹೀಗೆ ಬಂದ ಸಣ್ಣ ತುಂಡು ಟೋಪಿಯ ಬಳಿ ಹತ್ತಿ, ಎಳೆಯುದ್ದಕ್ಕೂ ಸರಿಯುತ್ತ, ಎ-ಯು-ಜಿ ಎಂಬ ಮೂರಕ್ಷರ ಸಿಕ್ಕಲ್ಲಿ ನಿಂತು ಓದು ಆರಂಭಿಸುತ್ತದೆ.

ಪೋಲಿಯೊ ವೈರಸ್ಸಿನ ಆರ್‌ಎನ್‌ಎಗೆ ಟೋಪಿ ಇಲ್ಲ. ಸುಮಾರು 7,440 ಅಕ್ಷರಗಳ ಈ ಎಳೆಯ ಮೊದಲ 742 ಅಕ್ಷರಗಳು ಪ್ರೋಟೀನ್ ಕಟ್ಟುವುದಕ್ಕಲ್ಲ. ಅವು ಮಡಚಿ, ಸುತ್ತಿ, ಕುಣಿಕೆ ಹಾಕಿಕೊಂಡು ಕಾಡುಬಳ್ಳಿಯ ಪೊದೆಯಂತೆ ಬಿದ್ದಿರುತ್ತವೆ. ಅದರ ನಡುವೆ ಸುಳ್ಳು ಎಯುಜಿಗಳು ಬೇರೆ. ಮುಂತುದಿಯಿಂದ ಹೊರಟ ರೈಬೋಸೋಮ್ ಈ ಪೊದೆ ದಾಟಿ ನಿಜವಾದ ಎಯುಜಿಗೆ ತಲುಪುವ ಸಂಭವವೇ ಕಡಿಮೆ. ಕನ್ನಡದಲ್ಲಿ ಟೋಪಿ ಹಾಕುವುದೆಂದರೆ ಮೋಸ ಮಾಡುವುದು. ಇಲ್ಲಿ ಟೋಪಿ ಇಲ್ಲದವನೇ ಟೋಪಿ ಹಾಕುತ್ತಾನೆ.

ಆ ಮೋಸ ಬಯಲಾದದ್ದು 1988ರಲ್ಲಿ, ಎರಡು ಕಡೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೆರಿ ಪೆಲೆಟಿಯರ್ ಮತ್ತು ನಹೂಮ್ ಸೋನೆನ್‌ಬರ್ಗ್ ಪೋಲಿಯೊ ವೈರಸ್ಸಿನಲ್ಲಿ ಕಂಡರು. ನ್ಯೂಯಾರ್ಕ್ ಪ್ರಾಂತ್ಯದ ಸ್ಟೋನಿ ಬ್ರೂಕ್‌ನಲ್ಲಿ ಎಕಾರ್ಡ್ ವಿಮ್ಮರ್ ತಂಡ ಪೋಲಿಯೊದ ದಾಯಾದಿಯಾದ ಇಎಂಸಿ ವೈರಸ್ಸಿನಲ್ಲಿ ಕಂಡಿತು. ಪ್ರಯೋಗ ಸರಳ, ಅದಕ್ಕೇ ಸೊಗಸು. ಒಂದೇ ಆರ್‌ಎನ್‌ಎಯಲ್ಲಿ ಎರಡು ಪ್ರೋಟೀನುಗಳ ಬರಹ ಇಡುವುದು, ಅವುಗಳ ನಡುವೆ ವೈರಸ್ಸಿನ ಆ ಪೊದೆಯನ್ನು ಸೇರಿಸುವುದು. ಟೋಪಿಯ ದಾರಿ ಮುಚ್ಚಿದಾಗ ಮೊದಲನೆಯ ಪ್ರೋಟೀನ್ ನಿಂತುಹೋಯಿತು, ಪೊದೆಯ ಹಿಂದಿದ್ದ ಎರಡನೆಯದು ಬರುತ್ತಲೇ ಇತ್ತು. ರೈಬೋಸೋಮ್ ಮುಂಬಾಗಿಲಿಗೆ ಬರದೆ ನೇರವಾಗಿ ನಡುಮನೆಗೆ ಇಳಿಯುತ್ತಿತ್ತು. ಆ ಪೊದೆಗೆ ಐಆರ್‌ಇಎಸ್ ಎಂಬ ಹೆಸರು ಬಂತು. ನಾವು ಐರೆಸ್ ಎನ್ನೋಣ, ಹಿತ್ತಲ ಬಾಗಿಲು ಎಂದರೂ ಆದೀತು.

ತನಗೆ ಹಿತ್ತಲ ಬಾಗಿಲು ಇದ್ದವನು ಮುಂಬಾಗಿಲಿಗೆ ಬೀಗ ಜಡಿಯುತ್ತಾನೆ. ಪೋಲಿಯೊದ 2ಎ ಎಂಬ ಕತ್ತರಿ ಪ್ರೋಟೀನ್ ಆ ಹಿರಿಯ 4ಜಿಯನ್ನು ಎರಡಾಗಿ ತುಂಡರಿಸುತ್ತದೆ. ಟೋಪಿ ಹಿಡಿದ ಕೈ ಒಂದು ಕಡೆ, ರೈಬೋಸೋಮ್ ಕರೆತರುವ ಕೈ ಇನ್ನೊಂದು ಕಡೆ. ಮನೆಯ ಸ್ವಂತ ಅಡುಗೆ ಕೆಲವೇ ಗಂಟೆಗಳಲ್ಲಿ ನಿಲ್ಲುತ್ತದೆ. ವೈರಸ್ ಆ ಎರಡನೆಯ ತುಂಡನ್ನು ಮಾತ್ರ ಹಿತ್ತಲ ಬಾಗಿಲಿಗೆ ತಂದು ಕೂರಿಸಿಕೊಳ್ಳುತ್ತದೆ, ಅದಕ್ಕೆ ಅಷ್ಟು ಸಾಕು.

ಹೀಗೆಂದರೂ ಮೊಲದ ರಸದ ಒಗಟು ಬಿಡುವುದಿಲ್ಲ. 4ಜಿ, 4ಎ, 3, ರೈಬೋಸೋಮ್ ಎಲ್ಲವೂ ಆ ರಸದಲ್ಲಿ ಇದ್ದವು. ಇಲ್ಲದಿದ್ದುದು ಯಾವುದು?

ಪಟ್ಟಿ ನಿಧಾನವಾಗಿ ಬೆಳೆಯಿತು. 1993ರಲ್ಲಿ ಎರಡು ಹೆಸರು ಗೊತ್ತಾದವು. ಒಂದು ‘ಲಾ’. ಕಾನೂನಿನ ಲಾ ಅಲ್ಲ. ಲೂಪಸ್, ಶೋಗ್ರೆನ್‌ನಂಥ ಕಾಯಿಲೆಗಳಲ್ಲಿ ದೇಹ ತನ್ನದೇ ಪ್ರೋಟೀನಿನ ಮೇಲೆ ದಾಳಿ ಮಾಡುತ್ತದಲ್ಲ, ಹಾಗೆ ದಾಳಿಗೊಳಗಾಗುವ ಒಂದು ಪ್ರೋಟೀನಿಗೆ ರೋಗಿಯೊಬ್ಬರ ಹೆಸರಿನ ಅಕ್ಷರ ಹಿಡಿದು ಇಟ್ಟ ಹೆಸರು. ಇನ್ನೊಂದು ಪಿಟಿಬಿ. ಆರ್‌ಎನ್‌ಎಯಲ್ಲಿ ಸಿ ಮತ್ತು ಯು ಅಕ್ಷರಗಳು ಸಾಲಾಗಿ ಬರುವ ಕಡೆ ಅಂಟಿಕೊಳ್ಳುವುದು ಇದರ ಸ್ವಭಾವ. ಆಮೇಲೆ ಸಿ ಅಕ್ಷರಗಳ ಗೊಂಚಲನ್ನು ಹಿಡಿಯುವ ಪಿಸಿಬಿಪಿ2 ಬಂತು, ನೆಗಡಿ ವೈರಸ್ಸಿಗೆ ನೆರವಾಗುವ ಉನ್ರ್ ಬಂತು, ಇನ್ನೂ ಹಲವು ಬಂದವು. ಎಲ್ಲವೂ ಆರ್‌ಎನ್‌ಎಗೆ ಅಂಟುವ ಪ್ರೋಟೀನುಗಳು, ಎಲ್ಲವೂ ನಮ್ಮವೇ. ವೈರಸ್ಸಿನ ವಂಶವಾಹಿಯಲ್ಲಿ ಇವುಗಳ ಒಂದಕ್ಷರವೂ ಇಲ್ಲ.

ಇವುಗಳ ದಿನದ ಕೆಲಸ ಬೇರೆಯೇ. ಪಿಟಿಬಿ ಕೋಶಕೇಂದ್ರದಲ್ಲಿ ಕೂತು ಆರ್‌ಎನ್‌ಎಯ ಯಾವ ತುಂಡು ಉಳಿಯಬೇಕು, ಯಾವುದನ್ನು ಕತ್ತರಿಸಬೇಕು ಎಂದು ನಿರ್ಧರಿಸುವ ಸಂಪಾದಕ. ಲಾ ಹೊಸದಾಗಿ ಹುಟ್ಟಿದ ಪುಟ್ಟ ಆರ್‌ಎನ್‌ಎಗಳ ಬಾಲ ಹಿಡಿದು ಕಾಪಾಡುವ ದಾದಿ. ಮೊಲದ ರಸ ಸೋತದ್ದು ಇಲ್ಲೇ. ಬಲಿಯುತ್ತಿರುವ ಕೆಂಪು ರಕ್ತಕಣ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕಿಬಿಟ್ಟಿರುತ್ತದೆ. ಹೆಚ್ಚುಕಡಿಮೆ ಹಿಮೋಗ್ಲೋಬಿನ್ ಒಂದನ್ನೇ ಕಟ್ಟುವ ಆ ಕಣಕ್ಕೆ ಸಂಪಾದಕ ಯಾಕೆ ಬೇಕು?

ಪಠ್ಯಪುಸ್ತಕಗಳಲ್ಲಿ ವೈರಸ್ ಹೊಕ್ಕ ಕೋಶಕ್ಕೆ ‘ಆತಿಥೇಯ ಕೋಶ’ ಎಂಬ ಹೆಸರಿದೆ. ನನಗದು ಯಾವತ್ತೂ ಹಿಡಿಸಿಲ್ಲ. ಕರೆಯದೆ ಬಂದು ಒಲೆಗೆ ಕೈಹಾಕಿದವನನ್ನು ಅತಿಥಿ ಎನ್ನುವುದು ಹೇಗೆ? ಆದರೆ ಈ ಪ್ರೋಟೀನುಗಳ ವಿಷಯದಲ್ಲಿ ಆ ಪದ ಸ್ವಲ್ಪ ಸರಿಯೇ. ಇವು ಯಾರ ಒತ್ತಾಯವೂ ಇಲ್ಲದೆ ವೈರಸ್ಸಿನ ಕೆಲಸ ಮಾಡುತ್ತವೆ. ಪಿಟಿಬಿಗೆ ಸಿ-ಯು ಸಾಲು ಕಂಡರೆ ಸಾಕು, ಅದು ಯಾರ ಎಳೆ ಎಂದು ಕೇಳುವುದಿಲ್ಲ.

ಹಿಡಿದು ಮಾಡುವುದೇನು? ರೇಷ್ಮೆ ಸೀರೆಯ ನೆರಿಗೆ ನೆನೆಸಿಕೊಳ್ಳಿ. ಎಷ್ಟು ಚೆಂದ ಹಿಡಿದರೂ ಪಿನ್ನು ಹಾಕದಿದ್ದರೆ ಜಾರುತ್ತದೆ. ಆರ್‌ಎನ್‌ಎಯ ಮಡಿಕೆಗಳೂ ಹಾಗೆಯೇ ಕ್ಷಣಕ್ಕೊಂದು ರೂಪಕ್ಕೆ ಜಾರುತ್ತಿರುತ್ತವೆ. ಪಿಟಿಬಿಗೆ ಆರ್‌ಎನ್‌ಎ ಹಿಡಿಯುವ ನಾಲ್ಕು ಕೈಗಳಿವೆ. ಎರಡು ಕೈ ಪೊದೆಯ ಒಂದು ಬದಿಯಲ್ಲಿ, ಎರಡು ಇನ್ನೊಂದು ಬದಿಯಲ್ಲಿ ಹಿಡಿದರೆ ನೆರಿಗೆ ನಿಲ್ಲುತ್ತದೆ. ಕೇಂಬ್ರಿಜ್‌ನ ರಿಚರ್ಡ್ ಜಾಕ್ಸನ್ ತಂಡ 2010ರಲ್ಲಿ ತೋರಿಸಿದಂತೆ, ಪೋಲಿಯೊ ಐರೆಸ್‌ನ ಐದನೆಯ ಮಡಿಕೆಯಲ್ಲಿ 4ಜಿ ಕೂರುವ ಜಾಗದ ಪಕ್ಕದಲ್ಲೇ ಪಿಟಿಬಿ ಕೂರುತ್ತದೆ, 4ಜಿ ಎಲ್ಲಿ ಹೇಗೆ ಕೂರಬೇಕು ಎಂಬುದನ್ನು ತಿದ್ದುತ್ತದೆ.

ಪಿನ್ನು ಎಲ್ಲರಿಗೂ ಬೇಕೆಂದಿಲ್ಲ ಎಂಬುದನ್ನೂ ಜಾಕ್ಸನ್ ಅವರೇ ತೋರಿಸಿದ್ದರು. ಇಎಂಸಿ ವೈರಸ್ಸಿನ ಐರೆಸ್‌ನ ಒಂದು ಉಬ್ಬಿನಲ್ಲಿ ಸಾಲಾಗಿ ಆರು ಎ ಅಕ್ಷರಗಳಿದ್ದರೆ ಪಿಟಿಬಿ ಇಲ್ಲದೆಯೂ ಕೆಲಸ ಸಾಗುತ್ತಿತ್ತು, ಏಳು ಇದ್ದರೆ ಪಿಟಿಬಿ ಬೇಕೇಬೇಕು. ಒಂದಕ್ಷರ ಹೆಚ್ಚಾದದ್ದಕ್ಕೆ ಮಡಿಕೆ ಸಡಿಲವಾಗಿ ಊರುಗೋಲು ಬೇಕಾಯಿತು. ಪೋಲಿಯೊದಲ್ಲಿ ಅನಿವಾರ್ಯವಾದದ್ದು ಪಿಸಿಬಿಪಿ2. ನ್ಯೂಯಾರ್ಕಿನ ತಾತ್ಯಾನಾ ಪೆಸ್ತೋವಾ ಮತ್ತು ಕ್ರಿಸ್ಟೋಫರ್ ಹೆಲೆನ್ ತಂಡ 2014ರಲ್ಲಿ ಶುದ್ಧ ಮಾಡಿದ ಬಿಡಿಭಾಗಗಳನ್ನಷ್ಟೇ ಕೊಳವೆಯಲ್ಲಿ ಸೇರಿಸಿ ಇಡೀ ಆರಂಭವನ್ನು ಮರುಕಟ್ಟಿದಾಗ ಇಂಥ ನೆರವಿನ ಪ್ರೋಟೀನುಗಳ ಪೈಕಿ ತೀರಾ ಬೇಕಾದದ್ದು ಅದೊಂದೇ ಎಂದು ಕಂಡಿತು. ಇನ್ನೊಂದು ತುದಿಯಲ್ಲಿ ಕ್ರಿಕೆಟ್ ಪ್ಯಾರಾಲಿಸಿಸ್ ವೈರಸ್ ಇದೆ. ಆಟದ ಕ್ರಿಕೆಟ್ ಅಲ್ಲ, ಇರುಳಲ್ಲಿ ಕಿರ್ರೆನ್ನುವ ಕೀಟದ ಕಾಯಿಲೆ. ಅದರ ಒಂದು ಐರೆಸ್‌ಗೆ ಯಾರ ನೆರವೂ ಬೇಡ, ರೈಬೋಸೋಮ್ ಒಂದಿದ್ದರೆ ಸಾಕು. ಇಷ್ಟು ಸ್ವಾವಲಂಬಿಯಾಗುವ ದಾರಿ ಇರುವಾಗ ಪೋಲಿಯೊದಂಥ ವೈರಸ್ ಯಾಕೆ ಪರರ ಕೈ ನೋಡುತ್ತದೆ?

ನನಗೆ ಕಾಣುವ ಒಂದು ಉತ್ತರ, ಪರರ ಕೈಯಲ್ಲಿ ಸ್ವಿಚ್ಚು ಇರುತ್ತದೆ. ಪೋಲಿಯೊದ ಒಂದೇ ಎಳೆ ಎರಡು ಕೆಲಸಕ್ಕೆ ಬೇಕು: ಓದಿ ಪ್ರೋಟೀನ್ ಕಟ್ಟಲು, ನಕಲು ತೆಗೆಯಲು. ಓದುವ ರೈಬೋಸೋಮ್ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ನಕಲು ಮಾಡುವ ಕಿಣ್ವ ಆ ತುದಿಯಿಂದ ಈ ತುದಿಗೆ ಬರುತ್ತದೆ. ಒಂಟಿ ಹಳಿಯ ಮೇಲೆ ಎದುರುಬದುರು ಎರಡು ರೈಲು. ವೈರಸ್ಸಿನ ಪರಿಹಾರ ನೋಡಿ. ಸಾಕಷ್ಟು ಪ್ರೋಟೀನ್ ಆಗುವ ಹೊತ್ತಿಗೆ ಅದರ ಎರಡನೆಯ ಕತ್ತರಿಯಾದ 3ಸಿಯೂ ರಾಶಿಬಿದ್ದಿರುತ್ತದೆ. ಅದು ಪಿಸಿಬಿಪಿ2ರ ಒಂದು ಭಾಗವನ್ನು ಕತ್ತರಿಸುತ್ತದೆ. ಮೊಟುಕಾದ ಪಿಸಿಬಿಪಿ2 ಓದಿಗೆ ನೆರವಾಗಲಾರದು, ಆದರೆ ಎಳೆಯ ಮುಂತುದಿಯ ಮಡಿಕೆಗೆ ಅಂಟಿ ನಕಲಿಗೆ ನೆರವಾಗಬಲ್ಲದು. ರೈಬೋಸೋಮ್‌ಗಳು ಇಳಿದುಹೋದ ಮೇಲೆ ಹಳಿ ತೆರವು. ಬೆಳಗ್ಗೆ ಗೇಟು ತೆರೆದವನನ್ನೇ ಸಂಜೆ ಗೇಟು ಹಾಕಲು ನಿಲ್ಲಿಸಿದಂತೆ.

ಕೋಶಕೇಂದ್ರದಲ್ಲಿ ಕೂತ ಪ್ರೋಟೀನುಗಳು ಹೊರಗಿನ ಕೋಶರಸದಲ್ಲಿರುವ ವೈರಸ್ಸಿಗೆ ಸಿಗುವುದು ಹೇಗೆ ಎಂಬ ಅನುಮಾನ ನಿಮಗೂ ಬಂದಿರಬೇಕು. ಅದಕ್ಕೂ 2ಎ ಕತ್ತರಿಯೇ. ಕೋಶಕೇಂದ್ರದ ಗೋಡೆಯ ರಂಧ್ರಗಳಲ್ಲಿ ಕಾವಲಿರುವ ಪ್ರೋಟೀನುಗಳನ್ನು ಅದು ತುಂಡರಿಸುತ್ತದೆ. ಒಳಗಿದ್ದವರು ಹೊರಗೆ ಬಂದು, ಮತ್ತೆ ಒಳಹೋಗಲಾರದೆ ಬೀದಿಯಲ್ಲಿ ಉಳಿಯುತ್ತಾರೆ.

ಇದರಿಂದ ನಮಗೇನು ಎಂದು ಕೇಳುವವರಿಗೆ ಮೂರು ಕಥೆಗಳಿವೆ.

ಮೊದಲನೆಯದು ಕೊಟ್ಟಿಗೆಯದು. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಕಾಲುಬಾಯಿ ರೋಗದ ಹೆಸರು ಕೇಳದವರಿಲ್ಲ. ಪ್ರಾಣಿಗಳ ಕಾಯಿಲೆಯೊಂದಕ್ಕೆ ವೈರಸ್ ಕಾರಣ ಎಂದು ಮೊದಲು ತಿಳಿದದ್ದು ಇದರಿಂದಲೇ, 1898ರಲ್ಲಿ, ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಅವರಿಂದ. ಈ ವೈರಸ್ ಕೂಡ ಟೋಪಿಯಿಲ್ಲದ್ದು, 4ಜಿ ಕತ್ತರಿಸುವಂಥದು. ಅದರ ಐರೆಸ್‌ಗೆ ಪಿಟಿಬಿ ಒಂದೇ ಸಾಲದು, ಐಟ್ಯಾಫ್45 ಎಂಬ ಇನ್ನೊಂದು ಪ್ರೋಟೀನೂ ಬೇಕು ಎಂದು 2000ದಲ್ಲಿ ಪಿಲಿಪೆಂಕೊ ತಂಡ ಕಂಡಿತು. ಇಲಿಗಳ ಮಿದುಳಿಗೆ ಮಾರಕವಾದ ಬೇರೊಂದು ವೈರಸ್ಸಿಗೆ ತನ್ನ ಐರೆಸ್ ತೆಗೆದು ಕಾಲುಬಾಯಿ ವೈರಸ್ಸಿನದನ್ನು ಜೋಡಿಸಿದಾಗ ಆ ವೈರಸ್ ಇಲಿಯ ಮಿದುಳಿಗೆ ಏನೂ ಮಾಡಲಾರದೆ ಹೋಯಿತು, ಪ್ರಯೋಗಾಲಯದ ತಟ್ಟೆಯಲ್ಲಿ ಮಾತ್ರ ಚೆನ್ನಾಗಿ ಬೆಳೆಯಿತು. ಐಟ್ಯಾಫ್45 ಇರುವುದು ವಿಭಜನೆಯಾಗುತ್ತಿರುವ ಕೋಶಗಳಲ್ಲಿ, ಇಲಿಯ ಮಿದುಳಿನಲ್ಲಿ ಅದಿಲ್ಲ. ವೈರಸ್ ಎಲ್ಲಿ ಬೆಳೆಯುತ್ತದೆ ಎಂಬುದನ್ನು ಕೋಶದ ಹೊರಬಾಗಿಲ ಗ್ರಾಹಕಗಳಷ್ಟೇ ತೀರ್ಮಾನಿಸುತ್ತವೆ ಎಂದು ಬಹುಕಾಲ ನಂಬಿದ್ದೆವು. ಆದರೆ ಒಳಗೆ ಕಾಲಿಟ್ಟ ಮೇಲೂ ಅಡುಗೆಮನೆಯಲ್ಲಿ ಕೈಜೋಡಿಸುವವರಿಲ್ಲದಿದ್ದರೆ ಅತಿಥಿ ಉಪವಾಸ.

ಎರಡನೆಯ ಕಥೆ ಇದನ್ನೇ ಮದ್ದಾಗಿಸಿದ್ದು. ವಿಮ್ಮರ್ ಅವರ ಪ್ರಯೋಗಾಲಯದಲ್ಲಿದ್ದ ಮಥಿಯಾಸ್ ಗ್ರೋಮಿಯರ್ 1996ರಲ್ಲಿ ಪೋಲಿಯೊದ ಐರೆಸ್ ಕಿತ್ತು ನೆಗಡಿ ವೈರಸ್ಸಿನ ಐರೆಸ್ ಕೂರಿಸಿದರು. ಹೊಸ ವೈರಸ್ಸಿಗೆ ನರಕೋಶಗಳಲ್ಲಿ ಬೆಳೆಯುವ ಶಕ್ತಿ ಹೋಯಿತು. ನರಕೋಶದಲ್ಲಿ ಡಿಆರ್‌ಬಿಪಿ76 ಎಂಬ ಪ್ರೋಟೀನ್ ನೆಗಡಿಯ ಐರೆಸ್‌ಗೆ ಅಂಟಿ ಓದನ್ನು ತಡೆಯುತ್ತದೆ ಎಂದು 2006ರಲ್ಲಿ ಅವರ ತಂಡವೇ ತೋರಿಸಿತು. ಅಂದರೆ ಆರ್‌ಎನ್‌ಎಗೆ ಅಂಟುವವರೆಲ್ಲ ನೆರವಾಗುವವರಲ್ಲ, ಬಾಗಿಲಿಗೆ ಅಡ್ಡ ನಿಲ್ಲುವವರೂ ಇದ್ದಾರೆ. ಮಿದುಳಿನ ಗ್ಲಿಯೋಬ್ಲಾಸ್ಟೋಮ ಗಡ್ಡೆಯ ಕೋಶಗಳಲ್ಲಿ ಈ ತಡೆ ಇಲ್ಲ, ಪೋಲಿಯೊ ಒಳಹೊಗುವ ಗ್ರಾಹಕ ಮಾತ್ರ ಹೇರಳ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆ ವೈರಸ್ಸನ್ನು ನೇರ ಗಡ್ಡೆಗೆ ಹನಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಾಯಿಲೆ ಮರುಕಳಿಸಿದ್ದ 61 ರೋಗಿಗಳಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ 21. ಹಿಂದಿನ ಅಂಥ ರೋಗಿಗಳಲ್ಲಿ ಅದು ಶೇ 4 ಇತ್ತು. ಹೆಚ್ಚಿನವರಿಗೆ ಲಾಭವಾಗಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಪವಾಡವೆಂದು ಡಂಗುರ ಹೊಡೆಯುವಂಥದ್ದಲ್ಲ, ಆದರೆ ಅಡುಗೆಮನೆಯ ಗುಟ್ಟು ತಿಳಿದು ಕಟ್ಟಿದ ವೈರಸ್ ಅದು.

ನಡುವೆ ಬೆಂಗಳೂರಿನದೂ ಒಂದು ಅಧ್ಯಾಯ. ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಸೌಮಿತ್ರ ದಾಸ್ ಅವರ ತಂಡ ಹೆಪಟೈಟಿಸ್ ಸಿ ವೈರಸ್ಸಿನ ಐರೆಸ್ ಹಿಂದೆ ಬಿದ್ದಿತ್ತು. ಲಾ ಪ್ರೋಟೀನ್ ಆ ಐರೆಸ್‌ನ ಎಯುಜಿಯ ಪಕ್ಕದ ಜಿ-ಸಿ-ಎ-ಸಿ ಎಂಬ ನಾಲ್ಕಕ್ಷರದ ಜಾಗದಲ್ಲಿ ಕೂತು ರೈಬೋಸೋಮ್ ಜೋಡಣೆಗೆ ನೆರವಾಗುತ್ತದೆ ಎಂದು 2004ರಲ್ಲಿ ತೋರಿಸಿದರು. ಮುಂದೆ ಲಾದ ಒಂದು ತುಣುಕನ್ನೇ ಪ್ರತ್ಯೇಕ ಮಾಡಿ, ಅದು ಜಾಗ ಹಿಡಿದು ಕೂತರೂ ಕೆಲಸ ಮಾಡದೆ, ನಿಜವಾದ ಲಾಗೆ ಅಡ್ಡಿಯಾಗುವಂತೆ ಮಾಡಿದರು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ದಾಸ್ ಅದಕ್ಕೂ ಮೊದಲು ಕ್ಯಾಲಿಫೋರ್ನಿಯದಲ್ಲಿ ಅಸೀಮ್ ದಾಸ್‌ಗುಪ್ತ ಅವರ ಜೊತೆಗಿದ್ದಾಗ ಇದೇ ಉಪಾಯ ಯೀಸ್ಟ್‌ನಲ್ಲಿ ತಾನಾಗಿ ಇರುವುದನ್ನು ಕಂಡಿದ್ದರು. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಪೋಲಿಯೊ ಆರ್‌ಎನ್‌ಎಯನ್ನು ಓದಲಾರದು, ಯಾಕೆಂದರೆ ಅದರ 60 ಅಕ್ಷರದ ಪುಟ್ಟ ಆರ್‌ಎನ್‌ಎಯೊಂದು ಲಾದಂಥ ಪ್ರೋಟೀನುಗಳನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಇವು ಇನ್ನೂ ಔಷಧದ ಅಂಗಡಿಗೆ ಬಂದಿಲ್ಲ. ಮನೆಯವರನ್ನೇ ಕಟ್ಟಿಹಾಕಿ ಕಳ್ಳನನ್ನು ತಡೆಯುವ ಚಿಕಿತ್ಸೆಯಲ್ಲಿ ಮನೆಯ ಕೆಲಸವೂ ನಿಲ್ಲುವ ಅಪಾಯ ಇದೆ, ಅದಕ್ಕೇ ತಡ.

ಮೂರನೆಯ ಕಥೆ ಎರಡು ಹನಿಯದು. ಆಲ್ಬರ್ಟ್ ಸೇಬಿನ್ ಬಾಯಿಗೆ ಹಾಕುವ ಪೋಲಿಯೊ ಲಸಿಕೆ ಮಾಡುವಾಗ ಐರೆಸ್ ಎಂಬ ಪದವೇ ಇರಲಿಲ್ಲ. ವೈರಸ್ಸನ್ನು ಕೋತಿಗಳಲ್ಲಿ, ಕೋಶಗಳಲ್ಲಿ ಮತ್ತೆಮತ್ತೆ ಬೆಳೆಸಿ, ಕರುಳಿನಲ್ಲಿ ಬೆಳೆಯುವ ಆದರೆ ನರಕ್ಕೆ ಹಾನಿ ಮಾಡದ ತಳಿಗಳನ್ನು, ಪೋಲಿಯೊದ ಮೂರು ಟೈಪ್‌ಗೂ ಒಂದೊಂದರಂತೆ, ಅವರು ಆರಿಸಿದರು. ದಶಕಗಳ ಮೇಲೆ ಅಕ್ಷರ ಬಿಡಿಸಿ ಓದಿದಾಗ ಮೂರೂ ತಳಿಗಳಲ್ಲಿ ಐರೆಸ್‌ನ ಅದೇ ಐದನೆಯ ಮಡಿಕೆಯಲ್ಲಿ ಒಂದೊಂದು ಅಕ್ಷರ ಬದಲಾಗಿತ್ತು: ಟೈಪ್ 1ರಲ್ಲಿ 480ನೆಯದು, ಟೈಪ್ 2ರಲ್ಲಿ 481, ಟೈಪ್ 3ರಲ್ಲಿ 472. ಕಣ್ಣಿಗೆ ಕಾಣದಿದ್ದರೂ ಸೇಬಿನ್ ಅವರ ಕೈ ಮೂರು ಸಲವೂ ಹಿಡಿದದ್ದು ಆ ಒಂದೇ ಮಡಿಕೆಯನ್ನು. ಟೈಪ್ 3ರ ಆ ಅಕ್ಷರ ಬದಲಾದರೆ ಪಿಟಿಬಿಯ ಹಿಡಿತ ಸಡಿಲಾಗುತ್ತದೆ. ನರಕೋಶದಲ್ಲಿ ಪಿಟಿಬಿ ಮೊದಲೇ ಕಡಿಮೆ, ಅಲ್ಲಿ ಬೇರೆ ರೂಪದ್ದೊಂದು ಅದರ ಜಾಗದಲ್ಲಿರುತ್ತದೆ. ಕರುಳಿನಲ್ಲಿ ಹೇಗೋ ಸಾಗುವ ಓದು ಬೆನ್ನುಹುರಿಯಲ್ಲಿ ಎಡವುತ್ತದೆ.

ಒಂದಕ್ಷರದ ಬೀಗ ಒಂದಕ್ಷರದಿಂದಲೇ ತೆರೆದುಕೊಳ್ಳುತ್ತದೆ ಎಂಬುದು ಇದರ ದೌರ್ಬಲ್ಯ. ಲಸಿಕೆ ಹಾಕಿದ ಮಗುವಿನ ಕರುಳಿನಲ್ಲೇ ಕೆಲವು ದಿನಗಳೊಳಗೆ 472ನೆಯ ಅಕ್ಷರ ಹಳೆಯ ರೂಪಕ್ಕೆ ಮರಳುವುದನ್ನು 1985ರಲ್ಲೇ ಕಂಡಿದ್ದಾರೆ. ಸಾಮಾನ್ಯವಾಗಿ ವೈರಸ್ ಹಾನಿ ಮಾಡುವ ಮೊದಲೇ ರೋಗನಿರೋಧಕ ಶಕ್ತಿ ಎದ್ದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮೊದಲ ಡೋಸ್ ಪಡೆದ ಸುಮಾರು 27 ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಲಸಿಕೆಯಿಂದಲೇ ಪಾರ್ಶ್ವವಾಯು ಬಂದದ್ದಿದೆ. ಲಸಿಕೆ ಸರಿಯಾಗಿ ತಲುಪದ ಊರುಗಳಲ್ಲಿ ಮರಳಿ ಬಲಿತ ವೈರಸ್ ಹರಡಿದ್ದೂ ಇದೆ, ಅದರಲ್ಲಿ ಟೈಪ್ 2ರ ಕಾಟವೇ ಹೆಚ್ಚು. ಬ್ರಿಟನ್ನಿನ ಆಂಡ್ರ್ಯೂ ಮೆಕಾಡಮ್, ಸ್ಯಾನ್‌ಫ್ರಾನ್ಸಿಸ್ಕೊದ ರಾವುಲ್ ಆಂಡಿನೊ ಮೊದಲಾದವರು ಸೇರಿ ಟೈಪ್ 2ರ ಐದನೆಯ ಮಡಿಕೆಯನ್ನೇ ಹೊಸದಾಗಿ ಹೆಣೆದರು. ಈಗ ಯಾವ ಒಂದಕ್ಷರ ಬದಲಾದರೂ ಮಡಿಕೆ ಮತ್ತೆ ಗಟ್ಟಿಯಾಗುವುದಿಲ್ಲ. ಇಂಡೊನೇಷ್ಯಾದ ಬಯೊ ಫಾರ್ಮಾ ತಯಾರಿಸಿದ ಈ ಲಸಿಕೆಗೆ 2020ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಬಳಕೆಯ ಅನುಮತಿ ಕೊಟ್ಟಿತು. 2021ರ ಮಾರ್ಚಿನಿಂದ ಆಫ್ರಿಕದಲ್ಲಿ ಮಕ್ಕಳ ಬಾಯಿಗೆ ಬೀಳುತ್ತಿದೆ.

ನಮ್ಮಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತ ಪ್ರಮಾಣಪತ್ರ ಬಂತು. 2016ರ ಏಪ್ರಿಲ್‌ನಿಂದ ಹನಿಯಲ್ಲಿ ಟೈಪ್ 2 ಇಲ್ಲ, 1 ಮತ್ತು 3 ಮಾತ್ರ ಇವೆ, ಜೊತೆಗೆ ಕೊಂದ ವೈರಸ್ಸಿನ ಚುಚ್ಚುಮದ್ದೂ ಇದೆ. ಮುಂದಿನ ಪಲ್ಸ್ ಪೋಲಿಯೊ ಭಾನುವಾರ ಅಂಗನವಾಡಿಯ ಬೂತಿನಲ್ಲಿ ಆಶಾ ಕಾರ್ಯಕರ್ತೆ ನಿಮ್ಮ ಮಗುವಿನ ಬಾಯಿಗೆ ಎರಡು ಹನಿ ಹಾಕಿ ಕಿರುಬೆರಳಿಗೆ ಗುರುತು ಹಚ್ಚಿದಾಗ, ಆ ಹನಿಯ ಟೈಪ್ 3 ವೈರಸ್ಸಿನ 472ನೆಯ ಜಾಗದಲ್ಲಿ ಸಿ ಬದಲು ಯು ಇರುತ್ತದೆ.